ಊರ ನದಿ ಶುದ್ಧ ಆಗಬೇಕು, ಸರಿ. ಯಾರ ಲೆಕ್ಕದಲ್ಲಿ ಶುದ್ಧ?

ಹರಿಗೋಲು

ಪಟ್ಟಣದ ನಡುವೆ ಹರಿಯುವ ನದಿ ಶುದ್ಧವಾಗಲಿ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಜಗಳ ಶುರುವಾಗುವುದು ಮುಂದಿನ ಪ್ರಶ್ನೆಗೆ. ಯಾವ ಕೆಲಸಕ್ಕೆ ಶುದ್ಧ?

ದಡದಲ್ಲಿ ವಾಕಿಂಗ್ ಹೋಗುವವರಿಗೆ ನಾತ ಬರದಿದ್ದರೆ ಸಾಕು. ಈಜುವವರಿಗೆ ನೀರಿನಲ್ಲಿ ಮಲದ ರೋಗಾಣು ಇರಬಾರದು. ಮೀನಿಗೆ ಆಮ್ಲಜನಕ ಬೇಕು. ಆ ಮೀನು ತಿನ್ನುವವರಿಗೆ ಅದರ ಮೈಯಲ್ಲಿ ಪಾದರಸ ಇರಬಾರದು. ಬಟ್ಟೆ ಒಗೆಯುವವರಿಗೆ ಹರಿಯುವ ನೀರು, ಇಳಿಯಲು ಜಾಗ, ಒಣಗಿಸಲು ಬಯಲು ಬೇಕು. ತರ್ಪಣ ಬಿಡುವವರಿಗೆ ಬೊಗಸೆಯಲ್ಲಿ ಎತ್ತಿದ ನೀರನ್ನು ನೋಡಿ ಮುಖ ಸಿಂಡರಿಸುವ ಹಾಗಿರಬಾರದು.

ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಎ ಇಂದ ಇ ವರೆಗೆ ಐದು ದರ್ಜೆ ಮಾಡಿರುವುದೂ ಬಳಕೆ ನೋಡಿಕೊಂಡೇ. ‘ಬಿ’ ಅಂದರೆ ಸ್ನಾನಕ್ಕೆ. ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು, ಬಿಒಡಿ (ಕೊಳೆಯನ್ನು ಕೊಳೆಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) 3 ಮಿಲಿಗ್ರಾಂ ಮೀರಬಾರದು, ಮಲದ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರಿನಲ್ಲಿ 500 ದಾಟಬಾರದು. ‘ಡಿ’ ಅಂದರೆ ಮೀನಿಗೆ, ವನ್ಯಜೀವಿಗೆ. ಅಲ್ಲಿ ಆಮ್ಲಜನಕ 4 ಇದ್ದರೂ ನಡೆಯುತ್ತದೆ, ಅಮೋನಿಯಾ 1.2 ಮೀರದಿದ್ದರೆ ಆಯಿತು. ಕೋಲಿಫಾರ್ಮ್ ಮಾತೇ ಇಲ್ಲ. ಅಂದರೆ ಒಂದು ನದಿ ಮೀನಿನ ಲೆಕ್ಕದಲ್ಲಿ ಪಾಸಾಗಿ, ಆ ಮೀನು ಹಿಡಿಯಲು ಸೊಂಟದ ತನಕ ಇಳಿಯುವವನ ಲೆಕ್ಕದಲ್ಲಿ ಫೇಲಾಗಬಹುದು!

ಯೋಜನೆಯ ಕಾಗದದಲ್ಲಿ ಯಾವ ಬಳಕೆಯನ್ನು ಗುರಿ ಅಂತ ಬರೆಯುತ್ತಾರೋ, ಕೊನೆಗೆ ದಡದಲ್ಲಿ ಉಳಿಯುವುದು ಆ ಬಳಕೆಯವರು ಮಾತ್ರ ಅನ್ನುವುದು ನನ್ನ ಅನುಮಾನ. ಬೇರೆ ಬೇರೆ ಊರುಗಳಲ್ಲಿ ಏನಾಗಿದೆ ಅಂತ ಗೊತ್ತಿದ್ದವರು ಹೇಳಿ.

ಕಾಲುದಾರಿ

ಅನುಮಾನ ಸ್ವಲ್ಪ ಜಾಸ್ತಿ ಆಯಿತು ಅನಿಸುತ್ತದೆ. ದಕ್ಷಿಣ ಕೊರಿಯಾದ ಸೋಲ್ ನಗರದ ಚಿಯೊಂಗ್ಯೆಚಿಯಾನ್ ಹೊಳೆ ನೋಡಿ. ಅದರ ಮೇಲೆ ಕಾಂಕ್ರೀಟ್ ಮುಚ್ಚಿ ರಸ್ತೆ ಮಾಡಿದ್ದರು. ರಸ್ತೆಯ ಮೇಲೆ ಇನ್ನೊಂದು ಮೇಲ್ಸೇತುವೆ. 2003ರಲ್ಲಿ ಅದನ್ನೆಲ್ಲ ಒಡೆಯಲು ಶುರು ಮಾಡಿ 2005ಕ್ಕೆ ಹೊಳೆಯನ್ನು ಬಯಲಿಗೆ ತಂದರು. ಸುಮಾರು 5.8 ಕಿಮೀ ಉದ್ದ. ಈಗ ಆಫೀಸಿನವರು ಮಧ್ಯಾಹ್ನ ಹೋಗಿ ಕಾಲು ಇಳಿಬಿಟ್ಟು ಕೂರುತ್ತಾರೆ. ಮಕ್ಕಳು, ಮುದುಕರು ಎಲ್ಲರೂ ಬರುತ್ತಾರೆ. ಟಿಕೆಟ್ ಇಲ್ಲ, ಗೇಟ್ ಇಲ್ಲ. ದಡದಲ್ಲಿ ನಡೆಯುವುದಕ್ಕಿಂತ ಎಲ್ಲರಿಗೂ ಸೇರಿದ ಬಳಕೆ ಇನ್ನೇನಿದೆ?

ಬಿಳಿ ಬಟ್ಟೆ

ಕಾಲುದಾರಿ ಅವರೇ, ಆ ಮೇಲ್ಸೇತುವೆಯ ಕೆಳಗೆ, ಅಕ್ಕಪಕ್ಕದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದವರ ಕಥೆಯನ್ನೂ ಹೇಳಬೇಕಿತ್ತು. ಅವರನ್ನು ಎಬ್ಬಿಸಿ ದೊಂಗ್ದೆಮುನ್ ಸ್ಟೇಡಿಯಂ ಒಳಗೆ ಕೂರಿಸಿದರು. ಕೆಲವೇ ವರ್ಷಕ್ಕೆ ಆ ಸ್ಟೇಡಿಯಂ ಕೂಡ ಒಡೆದರು. ಮತ್ತೆ ಗಂಟು ಮೂಟೆ. ಇನ್ನು ಅಲ್ಲಿ ಹರಿಯುವ ನೀರು ಹೆಚ್ಚಾಗಿ ಹಾನ್ ನದಿಯಿಂದ ಪಂಪ್ ಮಾಡಿ ಬಿಡುವ ನೀರು. ನೋಡಲು ಚಂದ, ಒಪ್ಪುತ್ತೇನೆ.

ನಮ್ಮ ಕಡೆಯದೇ ಬೇಕು ಅಂದರೆ ಅಹಮದಾಬಾದಿನ ಸಾಬರಮತಿ. ಎರಡೂ ದಡಕ್ಕೆ ಗೋಡೆ ಕಟ್ಟಿ, ನರ್ಮದಾ ಕಾಲುವೆಯ ನೀರು ತುಂಬಿಸಿ ರಿವರ್‌ಫ್ರಂಟ್ ಮಾಡಿದರು. ದಂಡೆಯ ಗುಡಿಸಲುಗಳಲ್ಲಿದ್ದ ಸಾವಿರಾರು ಕುಟುಂಬಗಳನ್ನು ಎಬ್ಬಿಸಿ, ಬಹಳ ಜನಕ್ಕೆ ಊರಾಚೆ ಮನೆ ಕೊಟ್ಟರು. ಭಾನುವಾರದ ಗುಜರಿ ಬಜಾರಿನವರು ಸುಮ್ನೆ ಕೂರಲಿಲ್ಲ, ಕೋರ್ಟಿಗೆ ಹೋದರು. ಹಾಗಾಗಿ ಅವರಿಗೆ ದಂಡೆಯಲ್ಲೇ ಹೊಸ ಜಾಗ ಸಿಕ್ಕಿತು. ದೋಬಿಗಳಿಗೆ ಬೇರೆ ಘಾಟ್ ಕಟ್ಟಿಕೊಟ್ಟರು. ಗಮನಿಸಿ, ಎದ್ದು ನಿಂತು ಕೇಳಿದವರಿಗೆ ಜಾಗ ಸಿಕ್ಕಿದೆ. ನಕ್ಷೆ ಬರೆಯುವ ಹೊತ್ತಿಗೆ ಯಾರೂ ಇವರನ್ನು ಕರೆದು ಕೇಳುವ ರೂಢಿ ಎಲ್ಲೂ ಇಲ್ಲ.

ನಾನು ಬಟ್ಟೆ ಒಗೆಯುವವರ ಮನೆಯವಳು, ಅದಕ್ಕೇ ಇಷ್ಟು ಹೇಳಿದ್ದು. ಹೊಳೆಯಲ್ಲಿ ಒಗೆಯುವವರಿಗೆ ನೀರಿನ ಬಣ್ಣ ಬದಲಾದರೆ ಮೊದಲು ಗೊತ್ತಾಗುತ್ತದೆ. ಮೇಲುಗಡೆ ಯಾರಾದರೂ ಬಣ್ಣದ ನೀರು ಬಿಟ್ಟರೆ ಬಿಳಿ ಬಟ್ಟೆ ಆ ಕ್ಷಣಕ್ಕೇ ಹಾಳು. ಕೈಯ ಚರ್ಮ ಒಡೆಯಲು ಶುರುವಾದರೆ ನೀರಿನಲ್ಲಿ ಏನೋ ಇದೆ ಅಂತ ತಿಳಿಯುತ್ತದೆ. ಇಂಥವರನ್ನು ‘ಮಾಲಿನ್ಯ ಮಾಡುವವರು’ ಅಂತ ಮೊದಲು ಎಬ್ಬಿಸುತ್ತಾರೆ. ನೀರನ್ನು ದಿನಾ ನೋಡುತ್ತಿದ್ದ ಕಣ್ಣುಗಳೇ ಹೋದ ಮೇಲೆ ಪೈಪಿನಿಂದ ಏನು ಬಂದರೂ ಕೇಳುವವರಿಲ್ಲ.

ಮೋರಿ ಇಂಜಿನಿಯರ್

ಮೇಡಂ, ಗೌರವದಿಂದಲೇ ಒಂದು ಮಾತು. ಸೋಪಿನ ನೀರೂ ಮಾಲಿನ್ಯವೇ. ಯಮುನೆಯ ನೊರೆ ಎಲ್ಲರೂ ಫೋಟೋದಲ್ಲಿ ನೋಡಿದ್ದೀರಿ. ದೆಹಲಿಯ ಓಖ್ಲಾ ಬ್ಯಾರೇಜಿನ ಗೇಟಿನಿಂದ ನೀರು ಕೆಳಗೆ ಬೀಳುವಾಗ, ಅದರಲ್ಲಿರುವ ಡಿಟರ್ಜೆಂಟ್ ಗಾಳಿ ಹಿಡಿದು ಉಬ್ಬುತ್ತದೆ. ಅದೇ ನೊರೆ.

ಆದರೆ ಆ ಡಿಟರ್ಜೆಂಟಿನ ಬಹುಪಾಲು ದೋಬಿ ಘಾಟಿನಿಂದ ಬಂದದ್ದಲ್ಲ ಅನ್ನುವುದೂ ನಿಜ. ಲಕ್ಷಾಂತರ ಮನೆಗಳ ಬಚ್ಚಲು, ವಾಷಿಂಗ್ ಮೆಷೀನ್, ಸಿಂಕಿನ ನೀರು ಒಳಚರಂಡಿಯಲ್ಲಿ ಬಂದು, ಶುದ್ಧಿಯಾಗದೆ ನದಿಗೆ ಬೀಳುತ್ತದೆ. ದೆಹಲಿಯಲ್ಲಿ ವಜೀರಾಬಾದಿನಿಂದ ಓಖ್ಲಾವರೆಗೆ 22 ಕಿಮೀ. ನದಿಯ ಒಟ್ಟು ಉದ್ದದಲ್ಲಿ ಅದು ಶೇಕಡಾ 2 ಇರಬಹುದು. ಕೊಳೆಯ ಬಹುಪಾಲು ಸೇರುವುದು ಅಲ್ಲೇ.

ಅದಕ್ಕೇ ಈ ‘ಯಾರ ಬಳಕೆ’ ಚರ್ಚೆ ನನಗೆ ಸ್ವಲ್ಪ ಬೇಸರ. ಪಟ್ಟಣದಲ್ಲಿ ನದಿಯನ್ನು ಅತಿ ಹೆಚ್ಚು ಬಳಸುವವರು ನದಿಯ ಹತ್ತಿರವೇ ಬರುವುದಿಲ್ಲ. ಮೂರನೇ ಮಹಡಿಯಲ್ಲಿ ಕೂತು ಫ್ಲಶ್ ಒತ್ತುತ್ತಾರೆ, ಅಷ್ಟೇ. ಅವರನ್ನು ಹರಿಗೋಲು ಅವರ ಪಟ್ಟಿಯಲ್ಲಿ ಸೇರಿಸಿಯೇ ಇಲ್ಲ.

ಒಗ್ಗರಣೆ

ಈ ಚರ್ಚೆಯಲ್ಲಿರುವ ಎಲ್ಲರನ್ನೂ ಬಳಕೆದಾರರ ಪಟ್ಟಿಗೆ ಸೇರಿಸಿದ ಮೋರಿ ಸಾರ್‌ಗೆ ಜೈ.

ತರ್ಪಣ

ಮೋರಿ ಇಂಜಿನಿಯರ್ ಹೇಳಿದ್ದಕ್ಕೆ ಒಂದು ಪುರಾವೆ ನಾನು ಕೊಡುತ್ತೇನೆ. ಅದೇ ಯಮುನೆಯ ದಡದಲ್ಲಿ ಛಠ್ ಪೂಜೆಗೆ (ಉತ್ತರ ಭಾರತದವರು ನೀರಿನಲ್ಲಿ ನಿಂತು ಸೂರ್ಯನಿಗೆ ಮಾಡುವ ಪೂಜೆ) ಅನುಮತಿ ಕೊಡಿ ಅಂತ ಕೇಳಿದಾಗ 2024ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟ್ ಒಪ್ಪಲಿಲ್ಲ. ನೀರು ಅಷ್ಟು ಕೆಟ್ಟಿದೆ, ಇಳಿದರೆ ಜನರ ಆರೋಗ್ಯಕ್ಕೇ ತೊಂದರೆ ಅನ್ನುವುದು ಕಾರಣ. ಕೋರ್ಟ್ ಹೇಳಿದ್ದು ತಪ್ಪು ಅನ್ನಲಾರೆ. ಆದರೆ ಹೊಲಸು ಬಿಟ್ಟವರು ಯಾರೋ, ಹೊರಗೆ ನಿಂತವರು ಯಾರೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಯಿತು ಅಲ್ವಾ?

ಹಾಗಂತ ನಮ್ಮವರದು ತಪ್ಪೇ ಇಲ್ಲ ಅನ್ನುತ್ತಿಲ್ಲ. ಪ್ಲಾಸ್ಟಿಕ್ ಕವರಿನ ಸಮೇತ ಹೂವು ಎಸೆಯುವುದು, ಪಿಒಪಿ ಮೂರ್ತಿ ಮುಳುಗಿಸುವುದು, ಫೋಟೋದ ಗಾಜು ಬಿಸಾಡುವುದು ಯಾವ ಶಾಸ್ತ್ರದಲ್ಲೂ ಇಲ್ಲ. ಬೇಡ ಅಂತ ಸುಮ್ನೆ ಬೋರ್ಡ್ ಹಾಕಿದರೆ ಕೇಳುವುದೂ ಇಲ್ಲ. ಹೇಗೆ ಮಾಡಬಹುದು ಅಂತ ಹೇಳಿದರೆ ಜನ ಕೇಳುತ್ತಾರೆ.

ಇಂಗ್ಲೆಂಡಿನಲ್ಲಿ ಇದನ್ನು ಚೆನ್ನಾಗಿ ಮಾಡಿದ್ದಾರೆ. ಅಲ್ಲಿ ನದಿಗೆ ಅಸ್ಥಿ ಬಿಡಲು ಪರವಾನಗಿ ಬೇಕಿಲ್ಲ. ಪರಿಸರ ಇಲಾಖೆ ಸರಳವಾಗಿ ಬರೆದಿಟ್ಟಿದೆ: ಕುಡಿಯುವ ನೀರು ಎತ್ತುವ ಜಾಗಕ್ಕಿಂತ ಮೇಲೆ 1 ಕಿಮೀ ಒಳಗೆ ಬಿಡಬೇಡಿ, ಬೂದಿಯನ್ನು ನೀರಿಗೆ ಆದಷ್ಟು ಹತ್ತಿರ ಹಿಡಿದು ಬಿಡಿ, ಗಾಳಿ ಜೋರಾಗಿರುವ ದಿನ ಬೇಡ, ಪ್ಲಾಸ್ಟಿಕ್ ಲೋಹ ಏನನ್ನೂ ಹಾಕಬೇಡಿ. ಲೆಸ್ಟರ್ ಕಡೆಯ ಸೋರ್ ನದಿಯಲ್ಲಿ ಹಿಂದೂಗಳು, ಸಿಖ್ಖರು ದೋಣಿಯಲ್ಲಿ ಹೋಗಿ ಅಸ್ಥಿ ಬಿಡುತ್ತಾರೆ. ಅದೇ ನದಿಯಲ್ಲಿ ಹಾಯಿದೋಣಿಯವರೂ ಗಾಳ ಹಾಕುವವರೂ ಇರುತ್ತಾರೆ.

ಸಂಜೆ ಈಜು

ನನ್ನ ವಾದ ಬೇರೆ. ಗುರಿ ಒಂದೇ ಇರಲಿ, ಅದು ಈಜು ಆಗಿರಲಿ. ಮನುಷ್ಯ ತಲೆ ಮುಳುಗಿಸುವಷ್ಟು ನೀರು ಚೊಕ್ಕಟವಾದರೆ ಪೂಜೆಗೂ ಆಗುತ್ತದೆ, ಬಟ್ಟೆಗೂ ಆಗುತ್ತದೆ, ವಾಕಿಂಗಿಗಂತೂ ಆಗಿಯೇ ಆಗುತ್ತದೆ. ನಾತ ಹೋಯಿತಾ ಅಂತ ಕೇಳಿದರೆ ಇಲಾಖೆಯವರು ದಡಕ್ಕೆ ಗಿಡ ನೆಟ್ಟು ಬೆಂಚು ಹಾಕುತ್ತಾರೆ. ಈಜಬಹುದಾ ಅಂತ ಕೇಳಿದರೆ ಮಾತ್ರ ಪೈಪುಗಳ ಹತ್ತಿರ ಹೋಗಬೇಕಾಗುತ್ತದೆ.

ಪ್ಯಾರಿಸ್ಸಿನ ಸೇನ್ ನದಿಯಲ್ಲಿ 1923ರಿಂದ ಈಜು ನಿಷೇಧ ಇತ್ತು. 2024ರ ಒಲಿಂಪಿಕ್ಸ್ ನೆಪದಲ್ಲಿ ಸುಮಾರು 140 ಕೋಟಿ ಯೂರೋ ಸುರಿದರು. ಹೊಳೆಯಲ್ಲಿ ಹುಣಸೆಹಣ್ಣು ತೇದ ಹಾಗೆ ಅಂತ ಆಡಿಕೊಂಡವರೇ ಜಾಸ್ತಿ. ಏನು ಮಾಡಿದರು ನೋಡಿ: ಆಸ್ಟರ್‌ಲಿಟ್ಜ್ ನಿಲ್ದಾಣದ ಹತ್ತಿರ ನೆಲದಡಿ 50,000 ಘನ ಮೀಟರ್ ನೀರು ಹಿಡಿಯುವ ತೊಟ್ಟಿ ಕಟ್ಟಿದರು. ನದಿಯ ಮೇಲ್ಗಡೆ ತಪ್ಪು ಪೈಪಿಗೆ ಜೋಡಿಸಿದ್ದ ಸಾವಿರಾರು ಮನೆಗಳ ಕನೆಕ್ಷನ್ ಸರಿ ಮಾಡಿಸಿದರು. ನದಿಯಲ್ಲೇ ವಾಸ ಮಾಡುವ ಹೌಸ್‌ಬೋಟಿನವರು ಕೊಳಚೆಯನ್ನು ನೇರ ನೀರಿಗೆ ಬಿಡುತ್ತಿದ್ದರು, ಅವರೂ ಒಳಚರಂಡಿಗೆ ಜೋಡಿಸಿಕೊಳ್ಳಬೇಕು ಅಂತ ಕಾನೂನು ಬಂತು. ಅವರನ್ನು ಎಬ್ಬಿಸಲಿಲ್ಲ, ಪೈಪು ಬದಲಾಯಿಸಿದರು. 2025ರ ಜುಲೈ 5ಕ್ಕೆ ಮೂರು ಕಡೆ ಜನರಿಗೆ ಈಜಲು ಬಿಟ್ಟರು.

ಇನ್ನು ಸ್ವಿಟ್ಜರ್ಲೆಂಡಿನ ಬಾಸೆಲ್. ಅಲ್ಲಿ ಬೇಸಿಗೆಯಲ್ಲಿ ಆಫೀಸ್ ಮುಗಿಸಿದವರು ಬಟ್ಟೆ, ಚಪ್ಪಲಿ, ಫೋನನ್ನು ಮೀನಿನ ಆಕಾರದ ಒಂದು ಚೀಲಕ್ಕೆ ತುಂಬಿ, ಬಾಯಿಯನ್ನು ಸುತ್ತಿ ಸುತ್ತಿ ಮಡಚಿ ಕ್ಲಿಪ್ ಹಾಕುತ್ತಾರೆ. ಒಳಗೆ ಗಾಳಿ ಉಳಿದಿರುವುದರಿಂದ ಚೀಲ ತೇಲುತ್ತದೆ. ಅದನ್ನು ತಬ್ಬಿಕೊಂಡು ರೈನ್ ನದಿಯ ಸೆಳವಿನಲ್ಲಿ ತೇಲಿಕೊಂಡು ಹೋಗಿ ಕೆಳಗೆಲ್ಲೋ ಹತ್ತುತ್ತಾರೆ. ಅದೇ ನದಿಯಲ್ಲಿ ದೊಡ್ಡ ಸರಕು ಹಡಗುಗಳೂ ಓಡುತ್ತವೆ. ಹಾಗಾಗಿ ಈಜುವವರು ಒಂದು ದಡದ ಕಡೆ ಮಾತ್ರ ಇರಬೇಕು, ಸೇತುವೆಯ ಕಂಬಗಳಿಂದ ದೂರ ಇರಬೇಕು. ಜಾಗ ಹಂಚಿಕೊಂಡಿದ್ದಾರೆ, ಅಷ್ಟೇ.

ಈ ನದಿಯ ಹಿಂದಿನ ಗತಿ ನೆನಪಿರಲಿ. 1986ರ ನವೆಂಬರ್ 1ರಂದು ಬಾಸೆಲ್ ಹತ್ತಿರ ಸಾಂಡೋಜ್ ಅನ್ನುವ ರಾಸಾಯನಿಕ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಹಾಕಿದ ನೀರು ಕೀಟನಾಶಕವನ್ನೆಲ್ಲ ತೊಳೆದುಕೊಂಡು ನದಿಗೆ ಹೋಯಿತು. ನೀರು ಕೆಂಪಾಯಿತು, ಹಾವುಮೀನುಗಳು ರಾಶಿ ರಾಶಿ ಸತ್ತವು. ಮುಂದಿನ ವರ್ಷವೇ ನದಿಯ ದಂಡೆಯ ದೇಶಗಳು ಸೇರಿ ಕ್ರಿಯಾ ಯೋಜನೆ ಮಾಡಿದವು. ಸಾಲ್ಮನ್ ಮೀನು ವಾಪಸ್ ಬರಬೇಕು ಅನ್ನುವುದು ಅದರ ಒಂದು ಮುಖ್ಯ ಗುರಿ.

ಗಾಳದ ಗುಂಡ

ಅಕ್ಕಾ, ಕೊನೆಯ ಸಾಲಲ್ಲಿ ನೀವೇ ನನ್ನ ವಾದ ಮಾಡಿಬಿಟ್ಟಿರಿ. ರೈನ್‌ಗೆ ಗುರಿ ಇಟ್ಟದ್ದು ಮೀನು, ಈಜಲ್ಲ 😀

ಈಜುವ ಲೆಕ್ಕ ನೋಡುವುದು ರೋಗಾಣುವನ್ನು. ರೋಗಾಣು ಬಿಸಿಲಿಗೆ ಸಾಯುತ್ತದೆ, ಯುವಿ (ನೇರಳಾತೀತ ಬೆಳಕಿನ) ದೀಪಕ್ಕೂ ಸಾಯುತ್ತದೆ. ಜರ್ಮನಿಯ ಮ್ಯೂನಿಕ್ಕಿನವರು ಈಸಾರ್ ನದಿಯನ್ನು ಈಜಲು ಆಗುವಂತೆ ಮಾಡಿದ್ದು ಹೀಗೇ. ಮೇಲ್ಗಡೆಯ ಊರುಗಳ ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿಗಳಲ್ಲಿ ಬೇಸಿಗೆಯಲ್ಲಿ ಯುವಿ ಹಾಯಿಸಿ ನೀರು ಬಿಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಪಾದರಸ, ಪಿಸಿಬಿ ಅನ್ನುವ ಕಾರ್ಖಾನೆ ರಾಸಾಯನಿಕ ಇವೆಲ್ಲ ಯುವಿಗೆ ಬಗ್ಗುವುದಿಲ್ಲ. ತಳದ ಕೆಸರಿನಲ್ಲಿ ಹತ್ತಾರು ವರ್ಷ ಕೂತಿರುತ್ತವೆ. ಕೆಸರು ಕೆದಕುವ ಹುಳ ಅದನ್ನು ತಿನ್ನುತ್ತದೆ, ಹುಳವನ್ನು ಮೀನು ತಿನ್ನುತ್ತದೆ, ಮೀನನ್ನು ನಾವು ತಿನ್ನುತ್ತೇವೆ. ನೀವು ಅರ್ಧ ಗಂಟೆ ಈಜಿ ಮನೆಗೆ ಹೋಗುತ್ತೀರಿ, ನಿಮಗೇನೂ ಆಗುವುದಿಲ್ಲ. ವಾರಕ್ಕೆ ಎರಡು ಸಲ ಅದೇ ನದಿಯ ಮೀನಿನ ಸಾರು ಮಾಡುವ ಮನೆಯವರ ಲೆಕ್ಕ ಬೇರೆ.

ವಾಷಿಂಗ್ಟನ್ನಿನ ಅನಕೋಸ್ಟಿಯಾ ನದಿ ಇದಕ್ಕೆ ಸರಿಯಾದ ಉದಾಹರಣೆ. ಅದು ಹರಿಯುವುದು ಹೆಚ್ಚಾಗಿ ಕರಿಯ ಜನರ ಬಡಾವಣೆಗಳ ಪಕ್ಕ. ಪಕ್ಕದ ಪೊಟೋಮ್ಯಾಕ್ ನದಿಗೆ ಸಿಕ್ಕ ಗಮನ ಇದಕ್ಕೆ ಸಿಗಲೇ ಇಲ್ಲ. 1971ರಿಂದ ಈಜು ನಿಷೇಧ. ಆದರೂ ಜನ ಗಾಳ ಹಾಕುತ್ತಾರೆ, ಮೀನು ಮನೆಗೆ ಒಯ್ಯುತ್ತಾರೆ, ನೆರೆಯವರಿಗೂ ಹಂಚುತ್ತಾರೆ. ಸರ್ಕಾರದ ಎಚ್ಚರಿಕೆಯಲ್ಲಿ ಹಾವುಮೀನು, ಕಾರ್ಪ್ ತಿನ್ನಲೇಬೇಡಿ ಅಂತಿದೆ. ಬೇರೆ ಮೀನಾದರೆ ಚರ್ಮ ಸುಲಿಯಿರಿ, ಹೊಟ್ಟೆ ಕೆಳಗಿನ ಮತ್ತು ಬೆನ್ನ ಮೇಲಿನ ಕೊಬ್ಬು ಕೊಯ್ದು ಬಿಸಾಡಿ, ಕರಿಯಬೇಡಿ, ಕೊಬ್ಬು ತೊಟ್ಟಿಕ್ಕಿ ಹೋಗುವಂತೆ ಸುಡಿ ಅಂತ ಹೇಳುವುದು ಯಾಕೆಂದರೆ ಪಿಸಿಬಿ ಕೂರುವುದು ಕೊಬ್ಬಿನಲ್ಲಿ. ಪಾದರಸಕ್ಕೆ ಈ ಉಪಾಯ ನಡೆಯುವುದಿಲ್ಲ. ಅದು ಮಾಂಸದೊಳಗೇ ಇರುತ್ತದೆ, ಎಷ್ಟು ಕೊಯ್ದರೂ ಹೋಗುವುದಿಲ್ಲ. ದೊಡ್ಡ ಮೀನಿನಲ್ಲಿ ಜಾಸ್ತಿ, ಚಿಕ್ಕದರಲ್ಲಿ ಕಡಿಮೆ. ಗಾಳ ಹಾಕುವವನಿಗೆ ದೊಡ್ಡದು ಬಿಟ್ಟು ಚಿಕ್ಕದು ಇಟ್ಟುಕೋ ಅನ್ನುವುದು ಎಷ್ಟು ಕಷ್ಟ ಗೊತ್ತಾ?

ಆ ನದಿಗೆ ಕಾಳಜಿ ತೋರಿಸಿದ್ದೂ ಅಲ್ಲಿಯ ಜನರೇ ಅನ್ನಬೇಕು. 2010ರ ಜನವರಿಯಿಂದ ಅಂಗಡಿಗಳಲ್ಲಿ ಕವರಿಗೆ 5 ಸೆಂಟ್ ಶುಲ್ಕ ಹಾಕಿದರು. ಅದರ ದೊಡ್ಡ ಪಾಲು ನದಿ ಸ್ವಚ್ಛತೆಯ ನಿಧಿಗೆ ಹೋಗುತ್ತದೆ. ಆ ನಗರದಲ್ಲಿ ನದಿಯ ಮುಖ ನೋಡದವನೂ ತರಕಾರಿ ತರುವಾಗ ಅದಕ್ಕೆ ಒಂದಿಷ್ಟು ಕೊಡುತ್ತಾನೆ. ಮೋರಿ ಸಾರ್ ಹೇಳಿದ ಮೂರನೇ ಮಹಡಿಯವರನ್ನು ಒಳಗೆ ತರಲು ಇದೊಂದು ದಾರಿ.

ಮೋರಿ ಇಂಜಿನಿಯರ್

ಗುಂಡ ಹೇಳಿದ್ದು ಸರಿ. ಕೆಸರಿನ ವಿಷ ತೆಗೆಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಅಗೆದರೆ ವಿಷ ಮೇಲೆದ್ದು ಹರಡುತ್ತದೆ, ಬಿಟ್ಟರೆ ಅಲ್ಲೇ ಇರುತ್ತದೆ. ಕೆಲವು ಕಡೆ ಮೇಲೆ ಮರಳು ಹಾಸಿ ಮುಚ್ಚುತ್ತಾರೆ.

ಈಜು ಅಕ್ಕನ ತೊಟ್ಟಿಯ ವಿಚಾರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆಯ ಪಟ್ಟಣಗಳಲ್ಲಿ ಮಳೆ ನೀರಿಗೂ ಮಲದ ನೀರಿಗೂ ಒಂದೇ ಪೈಪು. ಪೈಪಿನೊಳಗೆ ಒಂದು ಗಿಡ್ಡ ಅಡ್ಡಗೋಡೆ ಇರುತ್ತದೆ. ಬಿಸಿಲಿನ ದಿನ ನೀರು ಅದರ ಎತ್ತರಕ್ಕಿಂತ ಕೆಳಗೇ ಹರಿದು ಎಸ್‌ಟಿಪಿಗೆ ಹೋಗುತ್ತದೆ. ಜೋರು ಮಳೆ ಬಂದರೆ ಮಟ್ಟ ಏರಿ, ಗೋಡೆ ಹತ್ತಿ, ಎಲ್ಲ ಸೇರಿ ನೇರ ನದಿಗೆ ಬೀಳುತ್ತದೆ. ಇದು ಕೆಟ್ಟು ಹೋಗಿ ಆಗುವುದಲ್ಲ, ಕಟ್ಟಿದ್ದೇ ಹಾಗೆ. ಹಾಗೆ ಕಟ್ಟದಿದ್ದರೆ ನೀರು ವಾಪಸ್ ಜನರ ಮನೆಯೊಳಗೆ ನುಗ್ಗುತ್ತದೆ. ಹೀಗೆ ಉಕ್ಕುವ ನೀರನ್ನು ನದಿಗೆ ಬಿಡದೆ ಹಿಡಿದಿಡುವುದೇ ಆ ತೊಟ್ಟಿಯ ಕೆಲಸ. ಲಂಡನ್ನಿನವರು ಇದಕ್ಕಾಗಿಯೇ ಥೇಮ್ಸ್ ಕೆಳಗೆ 25 ಕಿಮೀ ಉದ್ದ, 7 ಮೀಟರಿಗಿಂತ ಅಗಲದ ಸುರಂಗ ಕೊರೆದು, 2025ರ ಫೆಬ್ರವರಿಯಲ್ಲಿ ಎಲ್ಲ ಜೋಡಣೆ ಮುಗಿಸಿದರು. 1957ರಲ್ಲಿ ಜೀವವೇ ಇಲ್ಲದ ನದಿ ಅನ್ನಿಸಿಕೊಂಡಿದ್ದ ಥೇಮ್ಸ್ ಅದು.

ಕಾಲುದಾರಿ

ಇದೆಲ್ಲ ನೆಲದಡಿಯ ಕೆಲಸ. ವೋಟು ಹಾಕುವವನಿಗೆ ಕಾಣುವುದಿಲ್ಲ. ದಡ ಚಂದವಾದರೆ ಜನ ಬರುತ್ತಾರೆ, ಜನ ಬಂದರೆ ನಾತ ಯಾಕೆ ಅಂತ ಕೇಳುತ್ತಾರೆ. ನನ್ನ ಪ್ರಕಾರ ಬೆಂಚೂ ಬೇಕು.

ಬಿಳಿ ಬಟ್ಟೆ

ಬೆಂಚು ಬೇಡ ಅಂದವರು ಯಾರು ಸಾರ್? ಬೆಂಚಿನ ಪಕ್ಕ ನೀರಿಗೆ ಇಳಿಯುವ ಮೆಟ್ಟಿಲೂ ಇರಲಿ ಅನ್ನುತ್ತಿದ್ದೇನೆ. ರೇಲಿಂಗ್ ಹಾಕಿ ನೀರನ್ನು ನೋಡುವ ವಸ್ತು ಮಾಡಿಟ್ಟರೆ, ಇಳಿಯುವವರೆಲ್ಲ ಕಾನೂನು ಮುರಿಯುವವರಾಗುತ್ತಾರೆ.

ಹರಿಗೋಲು

ಇಷ್ಟು ಒಳ್ಳೆಯ ಮಾಹಿತಿ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಮೂರನೇ ಮಹಡಿಯವರನ್ನು ಪಟ್ಟಿಗೆ ಸೇರಿಸಿದೆ.

ಒಂದು ಅಂಶ ಬಾಕಿ ಇದೆ. ನಕ್ಷೆ ಬರೆಯುವಾಗ ಕರೆದು ಕೇಳುವ ರೂಢಿ ಎಲ್ಲೂ ಇಲ್ಲ ಅಂತ ಬಿಳಿ ಬಟ್ಟೆ ಅವರು ಹೇಳಿದರು. ಮೆಲ್ಬರ್ನ್‌ನಲ್ಲಿ ಸ್ವಲ್ಪ ಮಟ್ಟಿಗೆ ಇದೆ. ಅಲ್ಲಿಯ ಯಾರಾ ನದಿಗೆ ಮೂಲನಿವಾಸಿ ವುರುಂಡ್ಜೆರಿ ಜನರ ಹೆಸರು ಬಿರ್ರಾರುಂಗ್. 2017ರಲ್ಲಿ ಆ ನದಿಗೇ ಒಂದು ಕಾನೂನು ಬಂತು. ನದಿಯ ಪರವಾಗಿ ಸಲಹೆ ಕೊಡಲು ಬಿರ್ರಾರುಂಗ್ ಕೌನ್ಸಿಲ್ ಅಂತ ಒಂದು ಮಂಡಳಿ ಇದೆ. ಅದರಲ್ಲಿ ಕನಿಷ್ಠ ಇಬ್ಬರು ವುರುಂಡ್ಜೆರಿ ಕಡೆಯವರು ಇರಲೇಬೇಕು ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಅದೇ ವರ್ಷ ನ್ಯೂಜಿಲೆಂಡಿನ ವಾಂಗನುಯಿ ನದಿಗೆ ಕಾನೂನಿನ ಕಣ್ಣಿನಲ್ಲಿ ವ್ಯಕ್ತಿಯ ಸ್ಥಾನ ಸಿಕ್ಕಿತು. ನದಿಯ ಪರ ಮಾತಾಡಲು ಇಬ್ಬರು, ಒಬ್ಬರನ್ನು ಸರ್ಕಾರ, ಒಬ್ಬರನ್ನು ಅಲ್ಲಿಯ ಮಾವೋರಿ ಜನ ಆರಿಸುತ್ತಾರೆ. ಮೆಲ್ಬರ್ನಿನ ಮಂಡಳಿಯದು ಬರೀ ಸಲಹೆ, ಆಜ್ಞೆಯಲ್ಲ. ಆದರೂ ಕುರ್ಚಿ ಕಾಯಂ. ಅಗಸರಿಗೆ, ಬಲೆ ಹಾಕುವವರಿಗೆ, ದಂಡೆಯ ವ್ಯಾಪಾರಿಗಳಿಗೆ ಅಂಥ ಒಂದು ಕುರ್ಚಿ ಇದ್ದಿದ್ದರೆ ಸಾಬರಮತಿಯ ವ್ಯಾಪಾರಿಗಳು ಕೋರ್ಟ್ ಮೆಟ್ಟಿಲು ಹತ್ತಬೇಕಿರಲಿಲ್ಲ.

ಒಗ್ಗರಣೆ

ಆ ಕುರ್ಚಿಗೂ ಕೊನೆಗೆ ರಿಯಲ್ ಎಸ್ಟೇಟಿನವರೇ ಟವೆಲ್ ಹಾಕದಿದ್ದರೆ ಸಾಕು.

ತರ್ಪಣ

ನನ್ನದೊಂದು ಸಣ್ಣ ಪ್ರಶ್ನೆ. ಕುರ್ಚಿ, ಕಾನೂನು ಎಲ್ಲ ಆಗಲಿ. ನನ್ನಂಥವನು ಬೆಳಗ್ಗೆ ದಡಕ್ಕೆ ಹೋದಾಗ ಇವತ್ತು ಇಳಿಯಬಹುದಾ ಬೇಡವಾ ಅಂತ ತಿಳಿಯುವುದು ಹೇಗೆ?

ಸಂಜೆ ಈಜು

ಬಾವುಟ ನೋಡಿ ತಿಳಿಯುವ ವ್ಯವಸ್ಥೆ ಹಲವು ಕಡೆ ಇದೆ ಸಾರ್. ಸೇನ್‌ನಲ್ಲಿ ಹಸಿರು, ಹಳದಿ, ಕೆಂಪು. ಬಾಸ್ಟನ್ನಿನ ಚಾರ್ಲ್ಸ್ ನದಿಯಲ್ಲಿ ದೋಣಿ ಮನೆಗಳ ಹತ್ತಿರ ನೀಲಿ ಬಾವುಟ ಇದ್ದರೆ ದೋಣಿ ಬಿಡಬಹುದು, ಕೆಂಪು ಇದ್ದರೆ ನೀರು ಸರಿಯಿಲ್ಲ ಅಂತ. ಓದು ಬರಹ ಬೇಕಿಲ್ಲ.

ಮೋರಿ ಇಂಜಿನಿಯರ್

ಒಂದು ಎಚ್ಚರಿಕೆ. ಇ. ಕೋಲೈ (ಮಲದಲ್ಲಿರುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ನೀರನ್ನು ತಟ್ಟೆಯಲ್ಲಿ ಹಾಕಿ ಬೆಚ್ಚಗಿಟ್ಟು, ರೋಗಾಣು ಬೆಳೆಯಲು ಸುಮಾರು ಒಂದು ದಿನ ಬಿಡಬೇಕು. ಅಂದರೆ ಬರೀ ಆ ಪರೀಕ್ಷೆ ನಂಬಿದರೆ ಬೆಳಗಿನ ಬಾವುಟ ಹೇಳುವುದು ನಿನ್ನೆಯ ನೀರಿನ ಸಂಗತಿ. ರಾತ್ರಿ ಮಳೆ ಸುರಿದಿದ್ದರೆ ಅದಕ್ಕೆ ಗೊತ್ತೇ ಇರುವುದಿಲ್ಲ. ಅದಕ್ಕೇ ಮಳೆಯ ಲೆಕ್ಕವನ್ನೂ ಸೇರಿಸಿ ಅಂದಾಜು ಮಾಡುತ್ತಾರೆ. ಬಾವುಟ ಇಲ್ಲದ ಕಡೆ ಜೋರು ಮಳೆ ಬಂದ ಮೇಲೆ ಎರಡು ದಿನ ನೀರಿಗೆ ಇಳಿಯಬೇಡಿ ಸಾರ್. ಪೈಪಿನ ಬಾಯಿಯ ಕೆಳಗಡೆಯಂತೂ ಯಾವತ್ತೂ ಬೇಡ, ಅದಕ್ಕಿಂತ ಮೇಲುಗಡೆ ಜಾಗ ಹುಡುಕಿಕೊಳ್ಳಿ.